ಪೈಥಾನ್ ಕ್ಲಾಸ್ ಬರೆಯುವಾಗ ಯಾವ ವೇರಿಯಬಲ್ ಎಲ್ಲಿಡಬೇಕು?

ಊರಿನ ಹಾಲಿನ ಡೈರಿಗೆ ಲೆಕ್ಕ ಇಡಲು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಕ್ಲಾಸ್ (ಆಬ್ಜೆಕ್ಟ್ ಮಾಡುವ ಅಚ್ಚು) ಹೆಸರು ಸದಸ್ಯ, ಅದರಿಂದ ಒಬ್ಬೊಬ್ಬರಿಗೂ ಒಂದೊಂದು ಆಬ್ಜೆಕ್ಟ್. (ಪೈಥಾನ್ 3ರಲ್ಲಿ ಹೀಗೆ ಕನ್ನಡದ ಹೆಸರೇ ಇಡಬಹುದು, ಒಮ್ಮೆ ಮಾಡಿ ನೋಡಿ, ಖುಷಿಯಾಗುತ್ತದೆ.) ಲೀಟರ್ ದರ ಎಲ್ಲರಿಗೂ ಒಂದೇ, ಫ್ಯಾಟ್ ಲೆಕ್ಕ ಸದ್ಯಕ್ಕೆ ಬಿಡೋಣ. ಹೆಸರು ಮತ್ತು ಹಾಕಿದ ಹಾಲು ಮಾತ್ರ ಅವರವರದ್ದು.

ದರವನ್ನು ಕ್ಲಾಸ್ ಒಳಗೆ, ಯಾವ ಮೆಥಡ್‌ಗೂ (ಕ್ಲಾಸ್ ಒಳಗಿನ ಫಂಕ್ಷನ್) ಸೇರಿಸದೆ ನೇರವಾಗಿ ಬರೆಯಿರಿ: ದರ = 35. ಇದು ಕ್ಲಾಸ್ ವೇರಿಯಬಲ್. ಹೆಸರನ್ನು ಇನಿಟ್ ಮೆಥಡ್‌ನಲ್ಲಿ (__init__, ಹೊಸ ಆಬ್ಜೆಕ್ಟ್ ಆಗುವಾಗ ತಾನೇ ಓಡುತ್ತದೆ) ಸೆಲ್ಫ್.ಹೆಸರು ಅಂತ ಬರೆಯಿರಿ, ಸೆಲ್ಫ್ (self) ಅಂದರೆ ಆ ಆಬ್ಜೆಕ್ಟೇ. ಇದು ಇನ್‌ಸ್ಟನ್ಸ್ ವೇರಿಯಬಲ್. ಇಷ್ಟು ಎಲ್ಲರಿಗೂ ಗೊತ್ತು, ಎಡವುವುದು ಇದರ ಮುಂದೆ.

ಓದುವ ದಾರಿ ಬೇರೆ, ಬರೆಯುವ ದಾರಿ ಬೇರೆ. ರಾಮಣ್ಣ ಅನ್ನುವ ಒಬ್ಬ ಸದಸ್ಯ ಇದ್ದಾನೆ ಅನ್ನಿ. ರಾಮಣ್ಣ.ದರ ಅಂತ ಓದಿದರೆ ಪೈಥಾನ್ ಮೊದಲು ರಾಮಣ್ಣನ ಆಬ್ಜೆಕ್ಟ್‌ನಲ್ಲಿ ಹುಡುಕುತ್ತದೆ, ಅಲ್ಲಿಲ್ಲದಿದ್ದರೆ ಕ್ಲಾಸ್‌ನಲ್ಲಿ. ಆದರೆ ರಾಮಣ್ಣ.ದರ = 40 ಅಂತ ಬರೆದರೆ ಕ್ಲಾಸ್ ಕಡೆ ಹೋಗುವುದೇ ಇಲ್ಲ, ರಾಮಣ್ಣನಿಗೇ ಒಂದು ಹೊಸ ದರ ಹುಟ್ಟುತ್ತದೆ, ಉಳಿದವರು 35ರಲ್ಲೇ ಇರುತ್ತಾರೆ, ನಾಳೆ ನೀವು ಎಲ್ಲರಿಗೂ 38 ಮಾಡಿದರೂ ರಾಮಣ್ಣ ಮಾತ್ರ 40ರಲ್ಲೇ ನಿಂತಿರುತ್ತಾನೆ. ಎಲ್ಲರಿಗೂ ಬದಲಾಗಬೇಕಾ? ಕ್ಲಾಸ್ ಹೆಸರು ಹಿಡಿದು ಬರೆಯಿರಿ: ಸದಸ್ಯ.ದರ = 38.

ಸದಸ್ಯರನ್ನು ಎಣಿಸುವಾಗಲೂ ಇದೇ ತಪ್ಪು ಆಗುತ್ತದೆ. ಕ್ಲಾಸ್‌ನಲ್ಲಿ ಒಟ್ಟು = 0 ಇಟ್ಟು, ಇನಿಟ್‌ನಲ್ಲಿ ಸೆಲ್ಫ್.ಒಟ್ಟು += 1 ಅಂದರೆ ಓದುವುದು ಕ್ಲಾಸ್‌ನಿಂದ, ಬರೆಯುವುದು ಆಬ್ಜೆಕ್ಟ್‌ಗೆ. ನೂರು ಜನ ಸೇರಿದರೂ ಕ್ಲಾಸ್‌ನಲ್ಲಿ ಸೊನ್ನೆಯೇ. ಸದಸ್ಯ.ಒಟ್ಟು += 1 ಅನ್ನಿ.

ಲಿಸ್ಟ್ ವಿಷಯದಲ್ಲಿ ಇನ್ನೂ ಜಾಸ್ತಿ ಹುಷಾರಾಗಿರಿ, ನನ್ನ ಒಂದು ಇಡೀ ಸಂಜೆ ಇದಕ್ಕೇ ಹೋಗಿತ್ತು. ಹಾಲು = [] ಅಂತ ಕ್ಲಾಸ್‌ನಲ್ಲೇ ಇಟ್ಟು ಸೆಲ್ಫ್.ಹಾಲು.ಅಪೆಂಡ್(6) (append, ಲಿಸ್ಟ್ ಕೊನೆಗೆ ಸೇರಿಸುವುದು) ಮಾಡಿದರೆ ಅದು ಹೊಸದಾಗಿ ಬರೆಯುವುದಲ್ಲ, ಇರುವ ಲಿಸ್ಟನ್ನು ಓದಿ ಅದಕ್ಕೇ ಸೇರಿಸುವುದು ಅಲ್ವಾ, ಆ ಲಿಸ್ಟ್ ಇರುವುದೋ ಒಂದೇ. ಹಾಗಾಗಿ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಎರರ್ ಬರುವುದಿಲ್ಲ, ಲೆಕ್ಕ ಮಾತ್ರ ತಪ್ಪುತ್ತದೆ. ಸೆಲ್ಫ್.ಹಾಲು = [] ಅನ್ನುವ ಸಾಲನ್ನು ಇನಿಟ್ ಒಳಗೆ ಇಡಿ, ಪ್ರತಿಯೊಬ್ಬರಿಗೂ ಬೇರೆ ಲಿಸ್ಟ್ ಸಿಗುತ್ತದೆ.

ಎಲ್ಲೋ ಲೆಕ್ಕ ತಪ್ಪಿದೆ ಅನ್ನಿಸಿದರೆ ಸುಮ್ನೆ ಊಹಿಸಬೇಡಿ. ವಾರ್ಸ್(ರಾಮಣ್ಣ), ಅಂದರೆ vars, ಪ್ರಿಂಟ್ ಮಾಡಿ. ಅವನ ಸ್ವಂತದ್ದು ಮಾತ್ರ ಕಾಣುತ್ತದೆ. ಅದರಲ್ಲಿ ದರ ಕಂಡರೆ ಯಾವುದೋ ಸಾಲು ಆಬ್ಜೆಕ್ಟ್ ಮೇಲೆ ಬರೆದಿದೆ ಅಂತ ಅರ್ಥ. ಡೆಲ್ (del) ಹಾಕಿ ರಾಮಣ್ಣ.ದರ ಅಳಿಸಿದರೆ ಕ್ಲಾಸ್‌ನ ದರ ಮತ್ತೆ ಕಾಣುತ್ತದೆ.