ಹನ್ನೆರಡನೇ ದಿನ ಪಚ್ಚೆ ಕಣ್ಣು ಬಿಟ್ಟ

ಊಸರವಳ್ಳಿ ಹಗಲಲ್ಲಿ ಕಣ್ಣು ಮುಚ್ಚಿ ಕೂತಿದೆ ಎಂದರೆ ಏನೋ ಕಾಯಿಲೆ ಅಂತಲೇ ಅರ್ಥ, ಸಾಕಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ಪಚ್ಚೆ ವೇಲ್ಡ್ ಅನ್ನುವ ಊಸರವಳ್ಳಿ ಜಾತಿಯ ಗಂಡು, ಆಗ ಒಂದೂವರೆ ವರ್ಷದವನು. ಪೊರೆ ಬಿಟ್ಟು ಒಂದು ವಾರ ಆಗಿತ್ತು. ಮೊದಲು ಎಡಗಣ್ಣು ಅರ್ಧ ಮುಚ್ಚಿದ. ಮೂರನೇ ದಿನಕ್ಕೆ ಪೂರ್ತಿ ಮುಚ್ಚಿತು. ಕಣ್ಣಿನ ಗೋಪುರ, ಅಂದರೆ ಗುಡ್ಡೆಯನ್ನು ಮುಚ್ಚಿರುವ ಶಂಕುವಿನಾಕಾರದ ರೆಪ್ಪೆ, ಮೂಗಿನ ಕಡೆಗೆ ಸ್ವಲ್ಪ ಊದಿತ್ತು. ಬಲಗಣ್ಣು ಮಾತ್ರ ಎಂದಿನ ಹಾಗೆ ಸುತ್ತ ತಿರುಗುತ್ತಲೇ ಇತ್ತು.

ಈ ಕೊನೆಯ ಮಾತೇ ಮುಖ್ಯ ಸುಳಿವು. ಅದು ಹೊಳೆಯುವ ಹೊತ್ತಿಗೆ ನಾನು ಸಾಕಷ್ಟು ದುಡ್ಡು ಸುರಿದಿದ್ದೆ.

ಮೊದಲು ಬೈದದ್ದು ದೀಪವನ್ನು. ಹಳೇ ಸುರುಳಿ ಬಲ್ಬ್ ಕಿತ್ತು ಉದ್ದನೆಯ ಟಿ5 ಯುವಿಬಿ (ಅತಿನೇರಳೆ ಕಿರಣ ಕೊಡುವ) ಟ್ಯೂಬ್ ಹಾಕಿದೆ. ಟ್ಯೂಬು, ಅದರ ಫಿಟ್ಟಿಂಗು ಸೇರಿ ಪಂಜರಕ್ಕಿಂತ ದುಬಾರಿಯಾಯಿತು. ಕಣ್ಣು ಹಾಗೇ ಇತ್ತು. ದೀಪ ಬದಲಾಯಿಸಿದ್ದಕ್ಕೆ ಬೇಜಾರಿಲ್ಲ, ಹೇಗೂ ಬದಲಾಯಿಸಬೇಕಿತ್ತು. ಆದರೆ ಎಂಟು ದಿನ ಸುಮ್ನೆ ಹೋಯಿತು.

ಆಮೇಲೆ ಗೆಳೆಯರ ಸರದಿ. ಎಲ್ಲರದ್ದೂ ಒಂದೇ ರಾಗ, ‘ವಿಟಮಿನ್ ಎ ಕಡಿಮೆ ಆಗಿದೆ’. ಅವನು ತಿನ್ನುವ ಕ್ರಿಕೆಟ್ ಹುಳುವಿನಲ್ಲಿ (ಚಿಮ್ಮಂಡೆ) ಅದು ಕಡಿಮೆ ಅನ್ನುವುದು ನಿಜವೇ. ಅವರ ಮಾತು ಕೇಳಿ ರೆಟಿನಾಲ್ ರೂಪದ ವಿಟಮಿನ್ ಎ ಇರುವ ಪೌಡರನ್ನು ಹುಳುಗಳ ಮೇಲೆ ವಾರಕ್ಕೆರಡು ಸಲ ಹಾಕಿದೆ. ನಾನು ಮೊದಲೇ ಹಾಕುತ್ತಿದ್ದ ಮಲ್ಟಿವಿಟಮಿನ್‌ನಲ್ಲೂ ಅದೇ ಇತ್ತು, ಡಬ್ಬಿ ತಿರುಗಿಸಿ ನೋಡಿರಲಿಲ್ಲ. ಈ ವಿಟಮಿನ್ ಮೈಯಲ್ಲಿ ಉಳಿದುಕೊಳ್ಳುತ್ತದೆ, ಜಾಸ್ತಿಯಾದರೆ ವಿಷ. ಎರಡು ವಾರಕ್ಕೆ ಕತ್ತಿನ ಹತ್ತಿರ ಚರ್ಮ ತೇಪೆ ತೇಪೆಯಾಗಿ ಏಳತೊಡಗಿತು. ಎರಡೂ ಡಬ್ಬಿ ಕಪಾಟು ಸೇರಿದವು.

ಡಾಕ್ಟರ್ ಹತ್ತಿರ ಮೊದಲೇ ಹೋಗಬೇಕಿತ್ತು. ಅವರು ಕಣ್ಣಿಗೆ, ಹುಣ್ಣಿದ್ದರೆ ಹಸಿರಾಗಿ ಹೊಳೆಯುವ ಬಣ್ಣ ಬಿಟ್ಟು ನೋಡಿ ಹುಣ್ಣಿಲ್ಲ ಅಂದರು. ಮನೆಯಲ್ಲಿದ್ದ ನಮ್ಮದೇ ಕಣ್ಣಿನ ಡ್ರಾಪ್ಸ್ ಬಿಡಲೇ ಅಂತ ಕೇಳಿ ಬೈಸಿಕೊಂಡೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಹುಣ್ಣಿರುವ ಕಣ್ಣಿಗೆ ಬಿದ್ದಿದ್ದರೆ ಕಣ್ಣೇ ಹೋಗಬಹುದಿತ್ತು. ಅವರು ಆಂಟಿಬಯಾಟಿಕ್ ಡ್ರಾಪ್ಸ್ ಕೊಟ್ಟರು, ಸೂಜಿ ಇಲ್ಲದ ಸಿರಿಂಜಿನಿಂದ ಸಲೈನ್ ಬಿಟ್ಟು ಒಮ್ಮೆ ತೊಳೆದರು. ಸ್ವಲ್ಪ ಗೀಜು ಬಂತು. ನಾಲ್ಕು ದಿನ ಚೆನ್ನಾಗಿದ್ದ, ಐದನೇ ದಿನ ಮತ್ತೆ ಊದಿತು. ಮುಚ್ಚಿದ ರೆಪ್ಪೆಯ ಮೇಲೆ ಡ್ರಾಪ್ಸ್ ಬಿಟ್ಟರೆ ಮುಕ್ಕಾಲು ಪಾಲು ಕೆನ್ನೆಗೆ ಇಳಿಯುತ್ತದೆ, ನೋಡಿರುತ್ತೀರಿ. ಅದೂ ಅಲ್ಲದೆ ಈ ಜಾತಿಯ ಪ್ರಾಣಿಗಳ ಕೀವು ನಮ್ಮದರ ಹಾಗೆ ಹರಿಯುವುದಿಲ್ಲ, ಒಣಗಿದ ಗಿಣ್ಣಿನ ಹಾಗೆ ಗಟ್ಟಿ. ಒಳಗೆ ಗಟ್ಟಿ ಕೂತಿದ್ದರೆ ಔಷಧ ಎಲ್ಲಿಂದ ಹೋಗಬೇಕು?

ಮೂರು ಭೇಟಿಗೆ ಕೊಟ್ಟ ಫೀಸು ಪಚ್ಚೆಯನ್ನು ಕೊಂಡ ದುಡ್ಡಿಗಿಂತ ಜಾಸ್ತಿ. ಇನ್ನು ಮತ್ತು ಬರಿಸುವ ಔಷಧ ಕೊಟ್ಟು ರೆಪ್ಪೆ ಬಿಡಿಸಿ ನೋಡುವುದೇ ಉಳಿದದ್ದು ಅಂದರು. ನಾನು ಎರಡು ವಾರ ಟೈಮ್ ಕೇಳಿದೆ. ದಿನಾ ತೂಕ ಹಾಕಬೇಕು, ಹತ್ತರಲ್ಲಿ ಒಂದು ಪಾಲು ಇಳಿದರೆ ತಕ್ಷಣ ತರಬೇಕು ಅನ್ನುವ ಷರತ್ತಿನ ಮೇಲೆ ಒಪ್ಪಿದರು. ಆಗ 128 ಗ್ರಾಂ ಇದ್ದ ನೆನಪು.

ನನ್ನ ಲೆಕ್ಕ ಇಷ್ಟೇ. ದೀಪದಿಂದಲೋ ವಿಟಮಿನ್‌ನಿಂದಲೋ ಆದರೆ ಸಾಮಾನ್ಯವಾಗಿ ಎರಡೂ ಕಣ್ಣು ಕೆಡಬೇಕು. ಒಂದೇ ಕೆಟ್ಟಿದೆ ಎಂದರೆ ಅಲ್ಲೇ ಏನೋ ಸಿಕ್ಕಿಕೊಂಡಿದೆ. ಊಸರವಳ್ಳಿ ಕಣ್ಣು ತೊಳೆಯುವುದನ್ನು ನೋಡಿದ್ದೀರಲ್ವಾ? ನೀರು ಬಿದ್ದರೆ ಗೋಪುರವನ್ನು ಬಲೂನಿನ ಹಾಗೆ ಉಬ್ಬಿಸಿ, ಒಳಗೇ ಗುಡ್ಡೆ ಉರುಳಿಸಿ, ಕೊಂಬೆಗೆ ಉಜ್ಜುತ್ತದೆ. ಅದು ಅವನೇ ಮಾಡಿಕೊಳ್ಳಲಿ, ನಾನು ನೀರು ಮತ್ತು ಹೊತ್ತು ಕೊಡುತ್ತೇನೆ ಅಂದುಕೊಂಡೆ.

ಬಚ್ಚಲಲ್ಲಿ ಕುಂಡದ ಗಿಡ ಇಟ್ಟೆ, ಅದರ ಮೇಲೆ ಪಚ್ಚೆ. ಷವರ್ ಎದುರು ಗೋಡೆಗೆ. ಗೋಡೆಗೆ ಬಡಿದು ಸಿಡಿಯುವ ತುಂತುರು ಮಾತ್ರ ಅವನ ಮೇಲೆ. ನೀರು ಕೈಗೆ ಬೆಚ್ಚಗೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು. ಬೆಳಿಗ್ಗೆ ದೀಪದಡಿ ಮೈ ಕಾಯಿಸಿಕೊಂಡ ಮೇಲೆ 35–40 ನಿಮಿಷ. ನಡುವೆ ಬಾಗಿಲ ಹತ್ತಿರ ಸ್ಟೂಲ್ ಹಾಕಿ ಕೂತಿರುತ್ತಿದ್ದೆ. ಒಂಟಿಯಾಗಿ ಬಿಡಬೇಡಿ.

‘ಹೆದರಿಯೇ ಸಾಯುತ್ತದೆ’ ಅಂದ ಒಬ್ಬ. ‘ಶ್ವಾಸಕೋಶಕ್ಕೆ ನೀರು ಇಳಿಯುತ್ತದೆ, ಬರೆದಿಟ್ಟುಕೋ’ ಅಂದ ಇನ್ನೊಬ್ಬ. ಮೊದಲೆರಡು ದಿನ ಅವರೇ ಸರಿ ಅನ್ನಿಸಿತು. ಪಚ್ಚೆ ಕಪ್ಪಾಗಿ, ಬಾಯಿ ತೆರೆದು ಬುಸುಗುಟ್ಟಿದ. ಮೂರನೇ ದಿನ ಸುಮ್ಮನೆ ಕೂತ. ಗಡಿಯಾರ ನೋಡಿಕೊಂಡಿದ್ದೆ, ಕಣ್ಣು ಉಬ್ಬಿಸಲು ಶುರು ಮಾಡಿದ್ದು ಸುಮಾರು ಹದಿನೈದು ನಿಮಿಷಕ್ಕೆ. ಪಂಜರದ ಮಿಸ್ಟಿಂಗ್ (ತಾನಾಗಿ ತುಂತುರು ಸಿಂಪಡಿಸುವ ವ್ಯವಸ್ಥೆ) ನಾನು ಇಟ್ಟಿದ್ದದ್ದು ಎರಡು ನಿಮಿಷಕ್ಕೆ! ಅವನು ಶುರು ಮಾಡುವ ಮೊದಲೇ ನೀರು ನಿಂತುಹೋಗುತ್ತಿತ್ತು.

ಇಲ್ಲಿ ಕೊಂಬೆಯದ್ದೊಂದು ಉಪಾಯ ಇದೆ. ಯಾವ ಕೊಂಬೆ, ಕಣ್ಣಿಗೆ ಯಾವ ಎತ್ತರದಲ್ಲಿ ಬರಬೇಕು ಅನ್ನುವುದನ್ನು ಬರೆಯುವುದಿಲ್ಲ. ಇಷ್ಟು ಖರ್ಚು ಮಾಡಿ ಕಲಿತದ್ದು, ಸ್ವಲ್ಪ ನನಗೂ ಇರಲಿ. ಒರಟು ತೊಗಟೆ ಬೇಡ, ಅಷ್ಟು ಹೇಳುತ್ತೇನೆ. ಹಾಲು ಬರುವ ಫೈಕಸ್ ಕೂಡ ಬೇಡ, ಅದರ ಹಾಲು ಕಣ್ಣಿಗೆ ತಾಗಿದರೆ ಇನ್ನೊಂದು ರೋಗ.

ಈ ನಡುವೆ ಒಂಟಿಗಣ್ಣಿನ ಬೇಟೆ ಹೇಗಿರುತ್ತದೆ ಅಂತ ಲೆಕ್ಕ ಇಟ್ಟೆ. ಊಸರವಳ್ಳಿ ದೂರ ಅಳೆಯುವುದು ಕಣ್ಣಿನ ಫೋಕಸ್‌ನಿಂದ, ಹಾಗಾಗಿ ಒಂದೇ ಕಣ್ಣಲ್ಲೂ ಹೊಡೆಯಬೇಕು. ಹತ್ತು ಕ್ರಿಕೆಟ್ ಬಿಟ್ಟರೆ ನಾಲ್ಕು ಸಿಕ್ಕವು. ನಿಧಾನದ ರೇಷ್ಮೆ ಹುಳು ಬಿಟ್ಟರೆ ಎಂಟೋ ಒಂಬತ್ತೋ. ಅಂದರೆ ಗುರಿ ಸರಿಯೇ ಇತ್ತು, ಎಡಗಡೆ ಓಡಿದ ಹುಳು ಮಾತ್ರ ಕಾಣುತ್ತಿರಲಿಲ್ಲ. ಆಮೇಲೆ ರೇಷ್ಮೆ ಹುಳುವನ್ನೇ ಬಲಗಡೆ ಹಿಡಿದು ತಿನ್ನಿಸಿದೆ. ತೂಕ 119ಕ್ಕೆ ಇಳಿದು ಅಲ್ಲೇ ನಿಂತಿತು. ಆ ವಾರ ನಾನೂ ನಿದ್ದೆ ಮಾಡಿಲ್ಲ.

ಹನ್ನೆರಡನೇ ದಿನ ಅವನು ಉಜ್ಜಿದ ಕೊಂಬೆಯ ಮೇಲೆ ಎಳ್ಳಿನ ಗಾತ್ರದ ಏನೋ ಅಂಟಿತ್ತು. ಸುರುಳಿ ಸುತ್ತಿದ ಪೊರೆಯ ಚೂರು, ಅದರ ಸುತ್ತ ಗಟ್ಟಿ ಕೀವು. ತಲೆ ಎತ್ತಿ ನೋಡಿದರೆ ಎಡಗಣ್ಣು ಅರ್ಧ ತೆರೆದು ನನ್ನನ್ನೇ ನೋಡುತ್ತಿದ್ದ. ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ. ಡ್ರಾಪ್ಸ್ ಈಗ ಒಳಗೆ ಹೋಗುತ್ತದೆ, ಇನ್ನೊಂದು ವಾರ ಬಿಡಿ ಅಂದರು. ಅದೇ ಡ್ರಾಪ್ಸ್ ಈ ಸಲ ಕೆಲಸ ಮಾಡಿತು. ವಾರದೊಳಗೆ ಊತ ಪೂರ್ತಿ ಇಳಿಯಿತು, ತಿಂಗಳಿಗೆ ತೂಕ 130 ದಾಟಿತು.

ಈಗ ಪಂಜರದ ಮಿಸ್ಟಿಂಗ್ ಟೈಮರ್ ಬೆಳಿಗ್ಗೆ ದೀಪ ಹತ್ತುವ ಮೊದಲು ಇಪ್ಪತ್ತು ನಿಮಿಷ ಓಡುತ್ತದೆ. ಹಗಲಲ್ಲಿ ಒಣಗಲು ಬಿಡುತ್ತೇನೆ.

‘ಬರೆದಿಟ್ಟುಕೋ’ ಅಂದಿದ್ದ ಗೆಳೆಯ ಮೊನ್ನೆ ಫೋನ್ ಮಾಡಿದ್ದ. ಅವನ ಪ್ಯಾಂಥರ್ ಜಾತಿಯ ಊಸರವಳ್ಳಿ ಕಣ್ಣು ಮುಚ್ಚಿದೆಯಂತೆ, ಷವರ್ ಎಷ್ಟು ಹೊತ್ತು ಅಂತ ಕೇಳಿದ. ಒಂದು ಕಣ್ಣೋ ಎರಡೋ ಅಂದೆ. ಎರಡೂ ಅಂದ. ಹೊಸ ಬಲ್ಬ್ ಹಾಕಿ ನಾಲ್ಕು ದಿನ ಆಗಿತ್ತು, ಅದೂ ಕೊಂಬೆಯಿಂದ ಒಂದು ಗೇಣು ದೂರದಲ್ಲಿ. ಬಚ್ಚಲಿಗೆ ಒಯ್ಯಬೇಡ, ಮೊದಲು ಆ ಬಲ್ಬ್ ಆರಿಸಿ ಡಾಕ್ಟರಿಗೆ ತೋರಿಸು ಅಂದೆ.