ಉಪ್ಪಿನಕಾಯಿ ಪೇಜ್‌ಗೆ ಪೋಸ್ಟ್ ಬರಿಯೋದು ಹೇಗೆ: ಸ್ವಲ್ಪ ಸೈಕಾಲಜಿ, ಸ್ವಲ್ಪ ಸೊನೆ

ಮನೇಲೇ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮಾಡಿ ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕಲ್ಲಿ ಮಾರೋರು ಈಗ ಊರಿಗೊಬ್ರು ಸಿಗ್ತಾರೆ. ಮಾಲು ಚೆನ್ನಾಗೇ ಇರತ್ತೆ, ಫೋಟೋನೂ ಪರವಾಗಿಲ್ಲ, ಆದ್ರೆ ಕೆಳಗೆ ಬರ್ದಿರೋದು ನೋಡಿದ್ರೆ ಎಲ್ರದ್ದೂ ಒಂದೇ: "ಶುದ್ಧ, ರುಚಿಕರ, ಮನೆಯಲ್ಲೇ ತಯಾರಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ದೊರೆಯುತ್ತದೆ. ಸಂಪರ್ಕಿಸಿ." ಉಪ್ಪಿನಕಾಯಿ ಅನ್ನೋದನ್ನ ತೆಗ್ದು ಸೀಗೆಪುಡಿ ಅಂತ ಹಾಕಿದ್ರೂ ಈ ಪೋಸ್ಟ್ ನಡ್ಯತ್ತೆ, ತೊಂದ್ರೆ ಇರೋದೇ ಅಲ್ಲಿ. ಓದೋರಿಗೆ ಏನೂ ಕೇಳ್ಬೇಕು ಅನ್ಸಲ್ಲ, ಬೆರಳು ಮುಂದಕ್ಕೆ ಹೋಗ್ಬಿಡತ್ತೆ.

ಕುತೂಹಲದ ಬಗ್ಗೆ ಜಾರ್ಜ್ ಲೋವೆನ್‌ಸ್ಟೈನ್ ಅನ್ನೋ ಅಮೆರಿಕದ ಪ್ರೊಫೆಸರು 1994ರಲ್ಲಿ ಒಂದು ಥಿಯರಿ ಕೊಟ್ರು, ನಮಗೆ ಗೊತ್ತಿರೋದಕ್ಕೂ ಗೊತ್ತಾಗ್ಬೇಕು ಅನ್ಸೋದಕ್ಕೂ ಮಧ್ಯೆ ಒಂದು ಗ್ಯಾಪ್ ಕಂಡಾಗ ಕುತೂಹಲ ಹುಟ್ಟತ್ತೆ ಅಂತ. ಮಾರ್ಕೆಟಿಂಗ್ ಕ್ಲಾಸ್ ತಗೊಳೋರು ಇಷ್ಟನ್ನೇ ಹೇಳಿ ನಿಲ್ಲಿಸ್ತಾರೆ. ಇನ್ನೊಂದರ್ಧ ಏನಂದ್ರೆ, ಆ ವಿಷಯದ ಬಗ್ಗೆ ಸ್ವಲ್ಪನಾದ್ರೂ ಗೊತ್ತಿದ್ರೆ ತಾನೇ ಗ್ಯಾಪ್ ಕಾಣೋದು? ಹಾಗಾಗಿ ಓದೋರಿಗೆ ಗೊತ್ತಿರೋ ಜಾಗದಿಂದ್ಲೇ ಶುರು ಮಾಡ್ಬೇಕು. ಮಲೆನಾಡು ಬಿಟ್ಟು ಬೆಂಗಳೂರಿಗೋ ದುಬೈಗೋ ಹೋದೋರು ನಿಮ್ಮ ಗಿರಾಕಿ ಅಂದ್ಕೊಳ್ಳಿ, ಅವರಿಗೆ ಮಿಡಿ ಗೊತ್ತು, ತೊಟ್ಟು ಗೊತ್ತು, ಊಟದ ಕೊನೇಲಿ ಮೊಸರನ್ನಕ್ಕೆ ನೆಂಚ್ಕೊಳೋದು ಗೊತ್ತು. ಆಗ ಹೀಗೆ ಬರೀಬಹುದು:

"ತೊಟ್ಟು ಮುರಿದಾಗ ಸೊನೆ ಚಿಮ್ಮಲಿಲ್ಲ ಅಂದ್ರೆ ಆ ಮಿಡೀನ ನಮ್ಮತ್ತೆ ಪಕ್ಕಕ್ಕೆ ಹಾಕ್ತಾರೆ, ನೋಡೋಕೆ ಎಷ್ಟೇ ಚೆಂದ ಇರ್ಲಿ."

ಯಾಕಪ್ಪಾ ಅಂತ ಒಂದು ಸಣ್ಣ ಪ್ರಶ್ನೆ ಎದ್ದೇ ಏಳತ್ತೆ. ಮುಂದಿನ ಸಾಲಲ್ಲೇ ಉತ್ರ ಕೊಡಿ: "ಅಪ್ಪೆಮಿಡಿ ಘಮ ಇರೋದೇ ಸೊನೇಲಿ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣೀಲಿ ಮೆತ್ತಗಾಗತ್ತೆ, ಅದಕ್ಕೇ ಮರ ಹತ್ತಿ ತೊಟ್ಟಿನ ಸಮೇತ ಕೊಯ್ದು ಬುಟ್ಟಿಗೆ ಹಗ್ಗ ಕಟ್ಟಿ ಇಳಿಸ್ತೀವಿ." ನೋಡಿ, ಶುದ್ಧ ಅಂತಾಗ್ಲಿ ರುಚಿಕರ ಅಂತಾಗ್ಲಿ ಎಲ್ಲೂ ಹೇಳಿಲ್ಲ, ಆದ್ರೂ ಓದಿದೋರಿಗೆ ಎರಡೂ ಗೊತ್ತಾಯ್ತು. (ಅತ್ತೆ ನಿಜವಾಗ್ಲೂ ಹಾಗೆ ಮಾಡ್ತಿದ್ರೆ ಮಾತ್ರ ಬರೀರಿ, ನಿಮ್ಮನೇಲಿ ಬೇರೆ ಏನೋ ಪದ್ಧತಿ ಇರತ್ತೆ, ಅದನ್ನ ಹುಡುಕಿ.) ಉತ್ರ ಕೊಡ್ದೇ ಸತಾಯ್ಸೋ "ಕೊನೇವರೆಗೂ ಓದಿ, ಶಾಕ್ ಆಗ್ತೀರ" ಥರದ್ದು ಒಂದ್ಸಲ ಕೆಲಸ ಮಾಡತ್ತೆ, ಆಮೇಲೆ ನಿಮ್ಮ ಪೇಜ್ ಹೆಸ್ರು ಕಂಡ್ರೇ ಜನ ದಾಟ್ಕೊಂಡು ಹೋಗ್ತಾರೆ.

ಇನ್ನೊಂದು, ಇನ್‌ಸ್ಟಾಗ್ರಾಂ ಫೀಡಲ್ಲಿ ಕ್ಯಾಪ್ಷನ್ ಪೂರ್ತಿ ಕಾಣಲ್ಲ, ಮೇಲಿನ ಒಂದೆರಡು ಸಾಲು ತೋರಿಸಿ ಉಳಿದದ್ದನ್ನ "ಮೋರ್" ಹಿಂದೆ ಬಚ್ಚಿಡತ್ತೆ. ಆ ಎರಡು ಸಾಲನ್ನ "ನಮಸ್ಕಾರ ಸ್ನೇಹಿತರೇ, ಎಲ್ಲರೂ ಹೇಗಿದ್ದೀರಿ"ಗೆ ಖರ್ಚು ಮಾಡ್ಬೇಡಿ.

ಭಾವನೆ ವಿಷಯಕ್ಕೆ ಬಂದ್ರೆ, ಜೋನಾ ಬರ್ಗರ್, ಕ್ಯಾಥರಿನ್ ಮಿಲ್ಕ್‌ಮನ್ ಅನ್ನೋ ಸಂಶೋಧಕರು ಇಬ್ರೂ ಸೇರಿ ನ್ಯೂಯಾರ್ಕ್ ಟೈಮ್ಸಿನ ಸುಮಾರು 7,000 ಲೇಖನ ಇಟ್ಕೊಂಡು ಯಾವುದನ್ನ ಜನ ಜಾಸ್ತಿ ಈಮೇಲ್ ಮಾಡಿ ಹಂಚ್ತಾರೆ ಅಂತ ನೋಡಿದ್ರು, 2012ರಲ್ಲಿ ಪ್ರಕಟ ಆಯ್ತು. ಬೆರಗು, ಸಿಟ್ಟು, ಆತಂಕ ಹುಟ್ಸೋದು ಜಾಸ್ತಿ ಓಡ್ತು, ಬರೀ ದುಃಖದ್ದು ಕಮ್ಮಿ. ಸಿಟ್ಟು ಓಡತ್ತೆ ಅಂತ ಉಪ್ಪಿನಕಾಯಿ ಪೇಜಲ್ಲಿ ರಾಜಕೀಯ ಎಳ್ದು ತರೋರನ್ನೂ ನೋಡಿದೀನಿ, ಕಾಮೆಂಟ್ ರಾಶಿ ಬೀಳತ್ತೆ, ಆರ್ಡರ್ ಒಂದೂ ಬರಲ್ಲ. ಬೆರಗಿಗೆ ನಿಮ್ಮ ಹತ್ರ ಸರಕು ಬೇಕಾದಷ್ಟಿದೆ: ಅಷ್ಟೆತ್ತರದ ಕಾಡುಮಾವಿನ ಮರದ ತುದೀಲಿ ಕೂತು ಒಬ್ರು ಒಂದೊಂದೇ ಮಿಡಿ ಕೊಯ್ಯೋದನ್ನ ಕೆಳಗಿಂದ ತೆಗೆದ ಒಂದು ವಿಡಿಯೋ ಸಾಕು, ಮೇಲೆ ಹಾಡು ಹಾಕೋದೂ ಬೇಡ.

ಹಾಗೆ ಮರ ಹತ್ತೋರ ಬಗ್ಗೆ ಬರೆಯುವಾಗ "ಹತ್ತಾರು ಕುಟುಂಬಗಳಿಗೆ ಉದ್ಯೋಗ" ಅಂತ ಬರೀಬೇಡಿ, ಒಬ್ರ ಬಗ್ಗೆ ಬರೀರಿ. 2007ರ ಒಂದು ಪ್ರಯೋಗದಲ್ಲಿ ಆಫ್ರಿಕಾದ ಹಸಿವಿನ ಬಗ್ಗೆ ಲಕ್ಷಗಟ್ಟಲೆ ಜನರ ಅಂಕಿಅಂಶ ಓದಿದೋರಿಗಿಂತ ರೋಕಿಯಾ ಅನ್ನೋ ಒಬ್ಳೇ ಹುಡುಗಿ ಬಗ್ಗೆ ಓದಿದೋರು ಜಾಸ್ತಿ ದುಡ್ಡು ಕೊಟ್ರು. ಲೆಕ್ಕ ತಲೆಗೆ ಹೋಗತ್ತೆ ಅಷ್ಟೇ, ಒಂದು ಮುಖ ಕಂಡ್ರೆ ಕರುಳು ಚುರುಕ್ ಅನ್ನತ್ತೆ. ಫೋಟೋ ಹಾಕೋಕೆ ಮುಂಚೆ ಅವ್ರನ್ನ ಒಂದ್ಮಾತು ಕೇಳಿ, ಇದು ಸೈಕಾಲಜಿ ಅಲ್ಲ, ಮರ್ಯಾದೆ.

ಈಗ ನಂಗೆ ತೀರಾ ಬೇಜಾರಾಗೋ ಪೋಸ್ಟ್ ಒಂದಿದೆ: "ಪಿಜ್ಜಾಗೆ ದುಡ್ಡು ಕೊಡ್ತಾರೆ, ನಮ್ಮ ಹಳ್ಳಿ ಹೆಣ್ಮಕ್ಕಳ ಉಪ್ಪಿನಕಾಯಿ ಯಾರೂ ತಗೊಳಲ್ಲ." ಸಂಕಟ ಅರ್ಥ ಆಗತ್ತೆ, ಆದ್ರೆ ಇದು ಉಲ್ಟಾ ಹೊಡೆಯೋದೇ ಜಾಸ್ತಿ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾಗಿರೋ ಮರದ ತುಂಡುಗಳ ಒಂದು ನ್ಯಾಷನಲ್ ಪಾರ್ಕ್ ಇದೆ, ಅಲ್ಲಿ ರಾಬರ್ಟ್ ಚಾಲ್ಡೀನಿ ಅನ್ನೋ ಸೈಕಾಲಜಿಸ್ಟು ಮತ್ತವರ ತಂಡ ಬೋರ್ಡುಗಳನ್ನ ಪರೀಕ್ಷೆ ಮಾಡಿದ್ರು. "ಇಲ್ಲಿಗೆ ಬಂದ ತುಂಬಾ ಜನ ತುಂಡುಗಳನ್ನ ಎತ್ಕೊಂಡು ಹೋಗಿ ಪಾರ್ಕ್ ಹಾಳಾಗ್ತಿದೆ" ಅನ್ನೋ ಬೋರ್ಡ್ ಇದ್ದಾಗ, ಸುಮ್ನೆ "ದಯವಿಟ್ಟು ಎತ್ಕೊಂಡು ಹೋಗ್ಬೇಡಿ" ಅನ್ನೋ ಬೋರ್ಡ್ ಇದ್ದಾಗಿಗಿಂತ ಕಳ್ಳತನ ಜಾಸ್ತಿ ಆಯ್ತು! ಓಹೋ ಎಲ್ರೂ ಮಾಡ್ತಾರೆ ಅನ್ನೋ ಸಂದೇಶ ಹೋಯ್ತು ಅಲ್ಲಿ. ಅದೇ ಥರ ಯಾರೂ ತಗೊಳಲ್ಲ ಅಂತ ನೀವೇ ಡಂಗುರ ಸಾರಿದ್ರೆ ಹೊಸಬರು ಯಾಕೆ ತಗೋತಾರೆ? ಅದ್ರ ಬದ್ಲು ತಗೊಂಡೋರ ಒಂದು ವಾಟ್ಸಾಪ್ ಮೆಸೇಜ್ ಅವರ ಒಪ್ಪಿಗೆ ತಗೊಂಡು, ಹೆಸ್ರು ನಂಬರ್ ಮುಚ್ಚಿ ಹಾಕಿ. "ಸೂಪರ್" ಅಂತ ಇರೋದಲ್ಲ, "ಎರಡನೇ ಬಾಟ್ಲಿ ಮಗಳು ಹಾಸ್ಟೆಲಿಗೆ ಎತ್ಕೊಂಡು ಹೋದ್ಲು" ಅಂತ ಇರೋದು.

ಪ್ರಶ್ನೆ ಕೇಳೋದೂ ಒಂದು ಕಲೆ. "ನಿಮ್ಮ ಅಭಿಪ್ರಾಯ ತಿಳಿಸಿ" ಅಂದ್ರೆ ಯಾರೂ ತಿಳಿಸಲ್ಲ. "ಮಿಡಿಗೆ ಗಂಜಿನಾ, ಮೊಸರನ್ನನಾ?" ಅಂದ್ರೆ ಜಗಳಕ್ಕೇ ಬರ್ತಾರೆ, ಯಾಕಂದ್ರೆ ಯೋಚಿಸ್ಬೇಕಿಲ್ಲ, ತಮ್ಮ ತಟ್ಟೆ ನೆನಪಾದ್ರೆ ಸಾಕು. "ಐದು ಜನ ಫ್ರೆಂಡ್ಸ್‌ನ ಟ್ಯಾಗ್ ಮಾಡಿ" ಅನ್ನೋದನ್ನ ಮಾತ್ರ ಬಿಟ್ಬಿಡಿ, ಅಂಥ ಪೋಸ್ಟುಗಳನ್ನ ಕೆಳಗೆ ತಳ್ತೀವಿ ಅಂತ ಫೇಸ್‌ಬುಕ್ 2017ರ ಡಿಸೆಂಬರಲ್ಲೇ ಹೇಳಿದೆ.

ಕೈತಪ್ಪಿ ಹೋಗೋ ಭಯದ ಬಗ್ಗೆ ಎಲ್ರಿಗೂ ಗೊತ್ತು, ಸಿಗೋ ಖುಷಿಗಿಂತ ಕಳ್ಕೊಳೋ ನೋವು ಜೋರು ಅಂತ ಡೇನಿಯಲ್ ಕಾನೆಮನ್, ಏಮೋಸ್ ಟ್ವರ್ಸ್ಕಿ ಅನ್ನೋ ಸೈಕಾಲಜಿಸ್ಟುಗಳು 1979ರಲ್ಲೇ ಬರೆದ್ರು. ಅಪ್ಪೆಮಿಡಿಗೆ ಸೀಸನ್ ಅಂತ ಇದೆ, ಮರಕ್ಕೆ ಒಂದು ವರ್ಷ ಫಲ ಬಂದ್ರೆ ಇನ್ನೊಂದು ವರ್ಷ ಕೈಕೊಡತ್ತೆ, ಇದನ್ನ ಇದ್ದಂಗೇ ಹೇಳಿದ್ರೆ ಸಾಕು: "ಈ ಸಲ ಇಷ್ಟೇ ಭರಣಿ ಹಾಕಿದ್ದು, ಮುಗಿದ್ರೆ ಮುಂದಿನ ಬೇಸಿಗೇನೇ." ವರ್ಷಪೂರ್ತಿ "ಕೊನೇ 3 ಬಾಟ್ಲಿ ಮಾತ್ರ" ಅಂತ ಹಾಕ್ತಾ ಇರೋದು ಸುಳ್ಳು ಮಾತ್ರ ಅಲ್ಲ, ಕೇಂದ್ರ ಸರ್ಕಾರ 2023ರ ನವೆಂಬರಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಆನ್‌ಲೈನಲ್ಲಿ ಗಿರಾಕೀನ ಯಾಮಾರಿಸೋ ತಂತ್ರ) ಮಾರ್ಗಸೂಚೀಲಿ ಸುಳ್ಳು ಅವಸರ ಹುಟ್ಸೋದು ಮೊದಲ್ನೇ ಐಟಂ, ಅದು ಮಾರೋರಿಗೂ ಅನ್ವಯ ಆಗತ್ತೆ.

ಕೊನೇದಾಗಿ ರೇಟು. "ಬೆಲೆಗೆ ಡಿಎಂ ಮಾಡಿ" (ಅಂದ್ರೆ ಇನ್‌ಬಾಕ್ಸಿಗೆ ಮೆಸೇಜ್ ಹಾಕಿ) ಅನ್ನೋದನ್ನ ಕುತೂಹಲ ಹುಟ್ಸೋ ಟ್ರಿಕ್ ಅಂತ ಯಾರೋ ಹೇಳ್ಕೊಟ್ಟಿದಾರೆ, ನನ್ನ ಪ್ರಕಾರ ಅದು ಕುತೂಹಲ ಅಲ್ಲ, ಕಿರಿಕಿರಿ. ಅರ್ಧ ಕೆಜಿಗೆ ಎಷ್ಟು, ಕೊರಿಯರ್ ಸೇರಿಯೋ ಬೇರೆಯೋ, ಎಷ್ಟು ದಿನಕ್ಕೆ ಬರತ್ತೆ, ಬಾಟ್ಲಿ ಗಾಜಿಂದೋ ಪ್ಲಾಸ್ಟಿಕ್ಕಿಂದೋ, ಎಲ್ಲಾ ಕ್ಯಾಪ್ಷನ್ ಕೊನೇಲಿ ಬರ್ದು ಮುಗಿಸಿ.