ಬ್ಲೋವರ್ ಮೇಲಿನ ಕಾರ್ಬುರೇಟರ್: ಹವಾಸು ಸರೋವರದಲ್ಲಿ ನನ್ನ ಅನುಭವ

ದೋಣಿಗೆ ಇಳಿಜಾರು ಎಂಬುದೇ ಇಲ್ಲ. ಕಾರಾದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಒಂದಷ್ಟು ದೂರ ಉರುಳುತ್ತದೆ, ಎಂಜಿನ್ ಉಸಿರು ಬಿಡುತ್ತದೆ. ದೋಣಿಯ ಪ್ರೊಪೆಲ್ಲರ್ ಪ್ರತಿ ಸುತ್ತಿಗೂ ನೀರನ್ನು ತಳ್ಳಲೇಬೇಕು. ಕಾರಿನ ಎಂಜಿನ್ ಕೆಲವು ಕ್ಷಣ ಮಾತ್ರ ಹೊರುವ ಭಾರವನ್ನು ದೋಣಿಯ ಎಂಜಿನ್ ಅರ್ಧ ಗಂಟೆ ಬಿಡದೆ ಹೊರುತ್ತದೆ. ಕಾರಿನಲ್ಲಿ ಹೇಗೋ ನಡೆದುಹೋಗುವ ತೆಳು ಮಿಶ್ರಣ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಇಲ್ಲಿ ಪಿಸ್ಟನ್ನನ್ನೇ ಕರಗಿಸುತ್ತದೆ.

ನಾನಿರುವುದು ಅಮೆರಿಕದ ಅರಿಜೋನಾದಲ್ಲಿ. ದೋಣಿ ಓಡುವುದು ಕೊಲೊರಾಡೊ ನದಿಗೆ ಪಾರ್ಕರ್ ಅಣೆಕಟ್ಟು ಕಟ್ಟಿ ಆದ ಹವಾಸು ಸರೋವರದಲ್ಲಿ. ಎಂಜಿನ್ ಷೆವ್ರೊಲೆಯ 454 ಕ್ಯೂಬಿಕ್ ಇಂಚಿನ ಬಿಗ್ ಬ್ಲಾಕ್, ಅಂದರೆ 7.4 ಲೀಟರ್. ಅದರ ತಲೆಯ ಮೇಲೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ 6-71 ರೂಟ್ಸ್ ಬ್ಲೋವರ್, ಅದಕ್ಕೂ ಮೇಲೆ ಗಾಳಿಗೆ ಪೆಟ್ರೋಲ್ ಬೆರೆಸುವ ಹಾಲೀ ಬ್ರ್ಯಾಂಡಿನ ಎರಡು ಕಾರ್ಬುರೇಟರ್‌ಗಳು. 6-71 ಎಂಬ ಹೆಸರು ಬಂದದ್ದು ಜನರಲ್ ಮೋಟಾರ್ಸ್‌ನ ಹಳೆಯ ಟು-ಸ್ಟ್ರೋಕ್ ಡೀಸೆಲ್ ಎಂಜಿನ್‌ನಿಂದ: ಆರು ಸಿಲಿಂಡರ್, ಒಂದೊಂದೂ 71 ಕ್ಯೂಬಿಕ್ ಇಂಚು. ಲಾರಿ, ಬಸ್ಸುಗಳಿಗೆ ಗಾಳಿ ಊದುತ್ತಿದ್ದ ಯಂತ್ರವನ್ನು ರೇಸಿನ ಹುಚ್ಚಿನವರು ಪೆಟ್ರೋಲ್ ಎಂಜಿನ್ ಮೇಲೆ ಕೂರಿಸಿದರು.

ದೋಣಿ ನನ್ನ ಕೈಗೆ ಬಂದಾಗ ಪೂರ್ತಿ ಥ್ರಾಟಲ್‌ನಲ್ಲಿ, ಅಂದರೆ ಗಾಳಿಯ ಬಾಗಿಲು ಪೂರ್ತಿ ತೆರೆದಾಗ, ಚೆನ್ನಾಗಿಯೇ ಓಡುತ್ತಿತ್ತು. ಆದರೆ ನಿಮಿಷಕ್ಕೆ ಸುಮಾರು 3500 ಸುತ್ತಿನಲ್ಲಿ ಸಾವಕಾಶವಾಗಿ ಓಡಿಸಿದರೆ ಎಕ್ಸಾಸ್ಟ್ ಅಗತ್ಯಕ್ಕಿಂತ ಬಿಸಿಯಾಗುತ್ತಿತ್ತು, ತೆಳು ಮಿಶ್ರಣದ ಸೂಚನೆ. ಕೇಳಿದವರೆಲ್ಲರೂ ಕೊಟ್ಟ ಸಲಹೆ ಒಂದೇ: ದೊಡ್ಡ ಜೆಟ್ ಹಾಕು. ಜೆಟ್ ಎಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ತಿರುಪು, ಸಂಖ್ಯೆ ಹೆಚ್ಚಿದಷ್ಟೂ ರಂಧ್ರ ದೊಡ್ಡದು. ಮೈಸೂರಿನಲ್ಲಿ ಯೆಜ್ಡಿಯ ಕಾರ್ಬುರೇಟರ್ ಬಿಚ್ಚಿ ತೊಳೆದು ಕೈ ಪಳಗಿಸಿಕೊಂಡ ನನಗೆ ಈ ಸಲಹೆ ಹಿಡಿಸಲಿಲ್ಲ. ದೊಡ್ಡ ಜೆಟ್ ಹಾಕಿದರೆ ಎಲ್ಲ ವೇಗದಲ್ಲೂ ಪೆಟ್ರೋಲ್ ಹೆಚ್ಚುತ್ತದೆ. ಕಾಯಿಲೆ ಇದ್ದದ್ದು ನಡುವಿನಲ್ಲಿ ಮಾತ್ರ.

ಮೊದಲು ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ನೋಡಿದೆ. ಒಟ್ಟು 30 ಡಿಗ್ರಿ, ಸರಿಯಿತ್ತು. ಇಂಧನದ ಒತ್ತಡವೂ ಸರಿಯಿತ್ತು. ಇವೆರಡನ್ನು ನೋಡದೆ ಜೆಟ್ಟಿಗೆ ಕೈ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬಳಿಕ ಎರಡು ಮಾಪಕ ಜೋಡಿಸಿದೆ. ಒಂದು ಕಾರ್ಬುರೇಟರ್‌ನ ಬುಡದಲ್ಲಿ, ಬ್ಲೋವರ್‌ನ ಮೇಲೆ. ಇನ್ನೊಂದು ಬ್ಲೋವರ್‌ನ ಕೆಳಗೆ, ಮ್ಯಾನಿಫೋಲ್ಡ್‌ನಲ್ಲಿ. ಬೆಳಗ್ಗೆ ಗಾಳಿ ಏಳುವ ಮೊದಲೇ ನೀರಿಗಿಳಿದು 3500ರಲ್ಲಿ ಹಿಡಿದಾಗ ಕೆಳಗಿನ ಮುಳ್ಳು ಸೊನ್ನೆ ದಾಟಿ ಒತ್ತಡ ತೋರಿಸುತ್ತಿತ್ತು, ಮೇಲಿನದು ಅದೇ ಹೊತ್ತಿನಲ್ಲಿ ಪಾದರಸದ ಎಂಟು ಇಂಚಿನಷ್ಟು ನಿರ್ವಾತ ತೋರಿಸುತ್ತಿತ್ತು. ರೋಗ ಅಲ್ಲೇ ಇತ್ತು.

ಈ ಕಾರ್ಬುರೇಟರ್‌ಗಳಲ್ಲಿ ಪವರ್ ವಾಲ್ವ್ ಎಂಬ ಪುಟ್ಟ ಬಾಗಿಲಿದೆ. ತನ್ನ ಬುಡದ ನಿರ್ವಾತ ಕುಸಿದರೆ ಎಂಜಿನ್‌ಗೆ ಭಾರ ಬಿದ್ದಿದೆ ಎಂದು ತಿಳಿದು ಅದು ತೆರೆದುಕೊಳ್ಳುತ್ತದೆ, ಹೆಚ್ಚಿನ ಪೆಟ್ರೋಲ್ ಬಿಡುತ್ತದೆ. 6.5 ಎಂದು ಬರೆದ ವಾಲ್ವ್ ತೆರೆಯುವುದು ನಿರ್ವಾತ 6.5 ಇಂಚಿಗೆ ಇಳಿದಾಗ. ಸಾಮಾನ್ಯ ಎಂಜಿನ್‌ನಲ್ಲಿ ಈ ಲೆಕ್ಕ ತಪ್ಪುವುದಿಲ್ಲ. ಆದರೆ ಬ್ಲೋವರ್ ಅರ್ಧ ತೆರೆದ ಥ್ರಾಟಲ್‌ನ ಅಡಿಯಿಂದ ಗಾಳಿಯನ್ನು ಬಲವಾಗಿ ಎಳೆಯುತ್ತಿರುವಾಗ ಅಲ್ಲಿ ನಿರ್ವಾತ ಹಾಗೇ ಉಳಿದಿರುತ್ತದೆ. ಕೆಳಗೆ ಸಿಲಿಂಡರ್‌ಗಳು ಒತ್ತಡದ ಗಾಳಿ ಕುಡಿಯುತ್ತಿದ್ದರೂ ಮೇಲಿನ ವಾಲ್ವ್‌ಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ನಿರ್ವಾತ ಬಿದ್ದು ವಾಲ್ವ್ ತೆರೆಯುತ್ತಿದ್ದುದರಿಂದಲೇ ಅಲ್ಲಿ ತೊಂದರೆ ಕಾಣಿಸಿರಲಿಲ್ಲ.

ಪರಿಹಾರ ಹೊಸದೇನಲ್ಲ. ಬುಡದಿಂದ ವಾಲ್ವ್‌ಗೆ ಹೋಗುವ ರಂಧ್ರವನ್ನು ಮುಚ್ಚಿ, ಪಕ್ಕದಿಂದ ಕೊರೆದು, ಸಣ್ಣ ಹಿತ್ತಾಳೆ ಕೊಳವೆ ಕೂರಿಸಿ, ಅಲ್ಲಿಂದ ಹೋಸ್ ಅನ್ನು ಬ್ಲೋವರ್‌ನ ಕೆಳಗಿನ ಮ್ಯಾನಿಫೋಲ್ಡ್‌ಗೆ ಜೋಡಿಸಿದೆ. ಕೊರೆದ ಚೂರು ಒಂದೂ ಒಳಗೆ ಉಳಿಯಬಾರದು. ಗಾಳಿ ಊದಿ, ತೊಳೆದು, ಮತ್ತೆ ಊದಿದೆ. ಈಗ ವಾಲ್ವ್‌ಗೆ ನಿಜವಾದ ಸುದ್ದಿ ಸಿಗುತ್ತದೆ. ಇದಾದ ಮೇಲೆಯೇ ನಾನು ಜೆಟ್ ಮುಟ್ಟಿದ್ದು, ಅದೂ ಎರಡು ಸಂಖ್ಯೆಯಷ್ಟು ಮಾತ್ರ.

ಆಮ್ಲಜನಕ ಸಂವೇದಕ ಹಾಕಿ ಗಾಳಿ-ಇಂಧನ ಅನುಪಾತ ನೋಡಬಹುದಲ್ಲ ಎನ್ನುತ್ತೀರಿ. ನೋಡಿದೆ. ಆದರೆ ದೋಣಿಯ ಎಕ್ಸಾಸ್ಟ್‌ಗೆ ತಂಪು ಮಾಡಲು ನೀರು ಬೆರೆಸುತ್ತಾರೆ. ನಿಧಾನ ವೇಗದಲ್ಲಿ ಆ ನೀರು ಹಿಂದಕ್ಕೆ ಚಿಮ್ಮಿ ಸಂವೇದಕವನ್ನು ಕೊಲ್ಲುತ್ತದೆ. ನೀರು ಸೇರುವ ಜಾಗಕ್ಕಿಂತ ಸಾಕಷ್ಟು ಹಿಂದೆ, ಎಂಜಿನ್ ಕಡೆಗೆ, ಅದನ್ನು ಕೂರಿಸಬೇಕು. ಬೂಸ್ಟ್‌ನಲ್ಲಿ, ಅಂದರೆ ಬ್ಲೋವರ್ ಒತ್ತಡ ಕೊಡುವಾಗ, ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ 11.8 ಪಾಲು ಗಾಳಿಯ ಆಸುಪಾಸು ಬಂದರೆ ನನಗೆ ನೆಮ್ಮದಿ.

ಕೊನೆಯ ತೀರ್ಪು ಸ್ಪಾರ್ಕ್ ಪ್ಲಗ್‌ನದೇ. ಪೂರ್ತಿ ವೇಗದಲ್ಲಿ ಇಗ್ನಿಷನ್ ಆರಿಸಿ, ದೋಣಿ ನಿಂತ ಮೇಲೆ ಬಿಚ್ಚಿ ಭೂತಕನ್ನಡಿಯಲ್ಲಿ ನೋಡುತ್ತೇನೆ. ಹಾಗೆ ಆರಿಸಿದಾಗ ಹಿಂದಿನ ಅಲೆ ಬೆನ್ನಟ್ಟಿ ಬಂದು ದೋಣಿಯೊಳಗೆ ನುಗ್ಗಬಹುದು, ಎಚ್ಚರ. ಪ್ಲಗ್‌ನ ಪಿಂಗಾಣಿಯ ಮೇಲೆ ಗಸಗಸೆಗಿಂತ ಸಣ್ಣ ಹೊಳೆಯುವ ಚುಕ್ಕೆಗಳು ಕಂಡರೆ ಅದು ಪಿಸ್ಟನ್‌ನಿಂದ ಎದ್ದ ಅಲ್ಯುಮಿನಿಯಂ. ಅಂದು ಅಲ್ಲಿಗೇ ಓಟ ನಿಲ್ಲಿಸಬೇಕು.

ಹಣ ಉಳಿಸಲು ಕಾರಿನ ಕಾರ್ಬುರೇಟರ್ ಹಾಕುವವರಿದ್ದಾರೆ. ಬೇಡ. ದೋಣಿಯದರಲ್ಲಿ ಉಕ್ಕಿದ ಪೆಟ್ರೋಲ್ ಹೊರಗೆ ಸುರಿಯದೆ ಬಾಗಿದ ಕೊಳವೆಯ ಮೂಲಕ ಮತ್ತೆ ಕಾರ್ಬುರೇಟರ್‌ನ ಒಳಗೇ ಬೀಳುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ ನಿಯಮದಂತೆ ಕಾರ್ಬುರೇಟರ್‌ಗೆ ಪೆಟ್ರೋಲ್ ಬರುವುದನ್ನು ತಡೆಯುವ ಫ್ಲೋಟ್ ವಾಲ್ವ್ ತೆರೆದೇ ಇದ್ದರೂ 30 ಸೆಕೆಂಡಿನಲ್ಲಿ 5 ಸಿಸಿಗಿಂತ ಹೆಚ್ಚು ಸೋರಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂರುತ್ತದೆ, ಕಿಡಿಗಾಗಿ ಕಾಯುತ್ತದೆ. ಕಾರ್ಬುರೇಟರ್‌ನ ಬಾಯಿಗೆ ಜ್ವಾಲೆ ತಡೆಯುವ ಜಾಲರಿಯೂ ಕಡ್ಡಾಯ. ಜೆಟ್ ಹೊಂದಿಸುವಾಗಲೂ ಅದನ್ನು ತೆಗೆದಿಟ್ಟು ಓಡಿಸಬೇಡಿ. ಅದು ತಡೆಯುವ ಗಾಳಿಯೂ ಲೆಕ್ಕಕ್ಕೆ ಸೇರಬೇಕು.

ಇದೇ ನದಿಯ ಮೇಲ್ಭಾಗದ ಪೊವೆಲ್ ಸರೋವರ ತುಂಬಿದಾಗ 3,700 ಅಡಿ ಎತ್ತರದಲ್ಲಿರುತ್ತದೆ. ಹವಾಸು 450 ಅಡಿಯಲ್ಲಿದೆ. ಪೊವೆಲ್‌ನ ತೆಳು ಗಾಳಿಗೆ ಮಿಶ್ರಣ ತುಸು ದಪ್ಪವಾಗುತ್ತದೆ, ಅಂದರೆ ಪೆಟ್ರೋಲ್ ಹೆಚ್ಚಾಗುತ್ತದೆ. ಎರಡು ಸಾವಿರ ಅಡಿಗೆ ಜೆಟ್ ಒಂದು ಸಂಖ್ಯೆ ಇಳಿಸುವುದು ವಾಡಿಕೆ. ನಾನು ಒಂದನ್ನೇ ಇಳಿಸುತ್ತೇನೆ, ದಪ್ಪ ಮಿಶ್ರಣದಿಂದ ಪಿಸ್ಟನ್ ಕರಗಿದ್ದನ್ನು ಕಂಡಿಲ್ಲ. ಬೂಸ್ಟ್ ಕೂಡ ಇಳಿಯುವುದರಿಂದ ಎಂಜಿನ್ ತನ್ನ ಪೂರ್ತಿ ಸುತ್ತು ಮುಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ಜೆಟ್ ಅಲ್ಲ, ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ, ಕಡಿಮೆಯಿರುವ ಪ್ರೊಪೆಲ್ಲರ್.